ತಟ್ಟೆ ಹಿಡಿದು ಬಂದ ಇಂಗ್ಲಿಷು

ಎರಡು ಸಾವಿರದ ಏಳನೇ ಇಸವಿಯಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಬಂತು. ಮೇಷ್ಟ್ರಿಗೆ ಬಂದಿದೆಯೇ ಎಂದು ಯಾರೂ ಕೇಳಲಿಲ್ಲ. ಇದು ನಿಮಗೆ ಗೊತ್ತಿರುವ ವಿಷಯ. ಗೊತ್ತಿದ್ದೂ ನೀವು ಕೇಳಲಿಲ್ಲ.

ಚಿಕ್ಕಮಾರಮ್ಮ: ಹೇಳಲ್ಲ ಅಂದ್ರೆ ಹೇಳಲ್ಲ, ಬುಡಿ ಮೇಷ್ಟ್ರೇ.

ಮೇಷ್ಟ್ರು: ಒಂದೇ ಸಲ ತಾಯಿ. ದಿಸ್ ಈಸ್ ಎ ಪ್ಲೇಟ್. ಅಷ್ಟು ಹೇಳ್ಬಿಟ್ರೆ ಮುಂದಕ್ಕೆ ಹೋಗೋಣ.

ಚಿಕ್ಕಮಾರಮ್ಮ: ಐದು ತಿಂಗ್ಳಿಂದ ದಿನಾ ಹೇಳ್ತಾ ಇದೀನಿ. ಅದು ತಟ್ಟೇನೇ. ನಿನ್ನೆನೂ ತಟ್ಟೆ, ಮೊನ್ನೆನೂ ತಟ್ಟೆ. ಇವತ್ತೇನು ಚೊಂಬಾಗೈತಾ?

ಮೇಷ್ಟ್ರು: ಶುರು ಮಾಡೋಕ್ಕೆ ಮುಂಚೆ ಗಣಪತಿ ಪೂಜೆ ಮಾಡಲ್ವಾ? ಹಂಗೇ ಇದು.

ಚಿಕ್ಕಮಾರಮ್ಮ: ಗಣಪತಿ ಮುಂದೆ ನಿಂತು ಇದು ಗಣಪತಿ, ಇದು ಗಣಪತಿ ಅಂತೀವಾ? ನಮ್ಮೂರಲ್ಲಿ ತಟ್ಟೆ ಹಿಡ್ಕೊಂಡು ಎದುರಿಗೆ ಸಿಕ್ಕೋರಿಗೆಲ್ಲ ಇದು ತಟ್ಟೆ ಅಂತ ಹೇಳ್ಕೊಂಡು ಓಡಾಡಿದ್ರೆ ಬೇವಿನ ಸೊಪ್ಪು ತರ್ತಾರೆ.

ಮೇಷ್ಟ್ರು: ಇಂಗ್ಲಿಷ್ ಶುರುವಾಗೋದೇ ಹಂಗೆ. ಮೊದಲು ಕಣ್ಣಿಗೆ ಕಾಣೋದನ್ನ ಹೇಳ್ಬೇಕು. ಕಾಣ್ದೇ ಇರೋದೆಲ್ಲ ನಾಲ್ಕನೇ ಕ್ಲಾಸಿಗೆ.

ಹೆಬ್ಬೂರಿನಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಕಿರಿಯ ಪ್ರಾಥಮಿಕ ಶಾಲೆ. ಊರಿನ ಹೆಸರು ಬೇಡ. ಗಂಗಹನುಮಯ್ಯ ಮೇಷ್ಟ್ರಿಗೆ ಇನ್ನೂ ನಾಲ್ಕು ವರ್ಷ ಸರ್ವೀಸಿದೆ. ಗಂಟೆ ಹನ್ನೆರಡೂವರೆ. ಬಿಸಿಯೂಟದ ಕೋಣೆಯಲ್ಲಿ ಅನ್ನ ಇಳಿದಿದೆ, ಸಾರು ಕುದಿಯುತ್ತಿದೆ. ಮೇಷ್ಟ್ರ ಎಡಗೈಯಲ್ಲಿ ಸ್ಟೀಲ್ ತಟ್ಟೆ, ಬಲಗೈಯಲ್ಲಿ ತರಬೇತಿಯಲ್ಲಿ ಕೊಟ್ಟ ಪುಸ್ತಕ. ಎದುರಿಗೆ ಅಡುಗೆಯ ಚಿಕ್ಕಮಾರಮ್ಮ, ಕೈಯಲ್ಲಿ ಸೌಟು.

ಮೂವತ್ತು ವರ್ಷ ಮಗ್ಗಿಯನ್ನೂ ಕಾಗುಣಿತವನ್ನೂ ನಿದ್ದೆಗಣ್ಣಿನಲ್ಲಿ ಹೇಳಿಕೊಟ್ಟು ಬಂದ ಮನುಷ್ಯ ಗಂಗಹನುಮಯ್ಯ. ಒಂದು ದಿನ ಆಫೀಸಿನಿಂದ ಕಾಗದ ಬಂತು, ತುಮಕೂರಿಗೆ ಹೋದರು, ಐದು ದಿನ ಇಂಗ್ಲಿಷ್ ತರಬೇತಿ ಪಡೆದರು. ಮೊದಲನೇ ದಿನ ಪರಸ್ಪರ ಪರಿಚಯ, ಐದನೇ ದಿನ ಸರ್ಟಿಫಿಕೇಟು. ನಡುವೆ ಒಂದಿಡೀ ದಿನ ಮೊಲದಂತೆ ಕುಪ್ಪಳಿಸಿ ಪದ್ಯ ಹೇಳುವುದು. ಉಳಿದೆರಡು ದಿನ ಕುಪ್ಪಳಿಸಿದ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುವುದರಲ್ಲಿ ಕಳೆದವು. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಬಿ.ಎ. ಓದುತ್ತಿರುವ ಮಗಳು ಶಿಲ್ಪಾ ವೇಲನ್ನು ಬಾಯಿಗೆ ತುರುಕಿಕೊಂಡು ನಗುತ್ತಾಳೆ. ಮಕ್ಕಳ ಮುಂದೆ ತಡವರಿಸಿದರೆ ಮೂವತ್ತು ವರ್ಷದ ಮರ್ಯಾದೆ ಸೀಮೆಸುಣ್ಣದ ಪುಡಿಯಂತೆ ಉದುರುತ್ತದೆ. ಹಾಗಾಗಿ ದಿನಾ ಊಟದ ಗಂಟೆಗೆ ಮುಂಚೆ ಕಾಲು ಗಂಟೆ, ನಾಳೆಯ ಪಾಠವನ್ನು ಇವತ್ತೇ ಚಿಕ್ಕಮಾರಮ್ಮನ ಮೇಲೆ ಹರಿತ ಮಾಡಿಕೊಳ್ಳುತ್ತಿದ್ದರು. ಪುಸ್ತಕದಲ್ಲಿದ್ದದ್ದು ಚೆಂಡು. ಅಡುಗೆ ಕೋಣೆಯಲ್ಲಿ ಚೆಂಡು ಇರಲಿಲ್ಲ, ತಟ್ಟೆ ಇತ್ತು. ಚಿಕ್ಕಮಾರಮ್ಮ ಓದಿದ್ದು ಮೂರನೇ ಕ್ಲಾಸು. ಆದ್ದರಿಂದ ಅವಳ ಮುಂದೆ ನಾಚಿಕೆಯಿಲ್ಲ ಎಂದು ಮೇಷ್ಟ್ರ ಲೆಕ್ಕ.

ಮೇಷ್ಟ್ರು: ಸರಿ, ತಟ್ಟೆ ಬಿಡು. ವಾಟ್ ಈಸ್ ಯುವರ್ ನೇಮ್?

ಚಿಕ್ಕಮಾರಮ್ಮ: ನಾಲ್ಕು ವರ್ಷದಿಂದ ನನ್ನ ಕೈ ಸಾರು ಉಂಡು ಈಗ ಹೆಸ್ರು ಕೇಳ್ತೀರಾ?

ಮೇಷ್ಟ್ರು: ಗೊತ್ತು ಕಣಮ್ಮ. ಗೊತ್ತಿದ್ರೂ ಕೇಳ್ಬೇಕು. ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?

ಚಿಕ್ಕಮಾರಮ್ಮ: ಹಸ್ಬೆಂಡ್ ಅಂದ್ರೆ ನಮ್ಮ ಯಜಮಾನ್ರಾ?

ಮೇಷ್ಟ್ರು: ಹೌದು.

ಚಿಕ್ಕಮಾರಮ್ಮ: ಅವ್ರ ಹೆಸ್ರು ಹೆಂಗೆ ಹೇಳ್ಲಿ? ಮದ್ವೆ ದಿನ ಬಾಗ್ಲಲ್ಲಿ ಅಡ್ಡ ಹಾಕಿ ಹೇಳ್ಸಿದ್ದು ಬಿಟ್ರೆ ಇವತ್ತಿನವರೆಗೆ ಬಾಯಲ್ಲಿ ತಂದಿಲ್ಲ.

ಮೇಷ್ಟ್ರು: ಕನ್ನಡದಲ್ಲಿ ಹೇಳ್ಬೇಡ. ಇಂಗ್ಲಿಷಲ್ಲಿ ಹೇಳು. ಮೈ ಹಸ್ಬೆಂಡ್ಸ್ ನೇಮ್ ಈಸ್ ಓಬಳಯ್ಯ.

ಚಿಕ್ಕಮಾರಮ್ಮ: ಇಂಗ್ಲಿಷಲ್ಲೂ ಅವ್ರು ಓಬಳಯ್ಯನೇ ಅಲ್ವಾ?

ಹೇಳಿಬಿಟ್ಟಳು. ಹೇಳಿದ ಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೇಷ್ಟ್ರನ್ನು ಸುಡುವ ಹಾಗೆ ನೋಡಿದಳು. ಮೇಷ್ಟ್ರು ಬೇಗ ಪುಟ ಮಗುಚಿದರು.

ಮೇಷ್ಟ್ರು: ಇದು ಮುಗಿದ ಕಾಲ. ಆಗಿ ಹೋದದ್ದು. ಐ ವೆಂಟ್ ಟು ತುಮಕೂರ್ ಯೆಸ್ಟರ್‌ಡೇ. ನಾನು ನಿನ್ನೆ ತುಮಕೂರಿಗೆ ಹೋಗಿದ್ದೆ.

ಚಿಕ್ಕಮಾರಮ್ಮ: ಎಲ್ಲಿ ಹೋಗಿದ್ರಿ? ನಿನ್ನೆ ಇಲ್ಲೇ ಇದ್ರಲ್ಲ. ನಾನೇ ಎರಡು ಸಲ ಬಡಿಸಿದೀನಿ.

ಮೇಷ್ಟ್ರು: ಉದಾಹರಣೆ ಅದು.

ಚಿಕ್ಕಮಾರಮ್ಮ: ಉದಾಹರಣೆಗೆ ಸುಳ್ಳು ಯಾಕೆ? ನಿನ್ನೆ ನಾನು ಬೇಳೆ ಆರಿಸಿದೆ ಅನ್ನಿ. ನಿನ್ನೆ ಒಲೆ ಹೊಗೆ ಬಂತು ಅನ್ನಿ. ನಿಜ ಮುಗಿದ್ಹೋಯ್ತಾ, ತುಮಕೂರು ತನಕ ಹೋಗೋಕೆ?

ಮೇಷ್ಟ್ರು: ಬೇಳೆ ಆರಿಸೋದಕ್ಕೆ ಇಂಗ್ಲಿಷ್ ನಂಗೆ ಗೊತ್ತಿಲ್ಲ ಕಣೇ.

ಚಿಕ್ಕಮಾರಮ್ಮ: ಹಂಗೆ ಹೇಳಿ. ಗೊತ್ತಿರೋ ಕಡೆಗೆ ಹೋಗಿದೀರಿ.

ಮೇಷ್ಟ್ರು ಗಂಟೆ ಬಾರಿಸಲು ಹೊರಗೆ ಬಂದರು. ಹತ್ತು ಮಕ್ಕಳೂ ಆಗಲೇ ಕೈ ತೊಳೆದು, ತಟ್ಟೆ ಹಿಡಿದು, ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದವು. ಗಂಟೆಗೆ ಮುಂಚೆಯೇ ಹೀಗೆ ನಿಲ್ಲುವುದು ಕೆಲವು ತಿಂಗಳಿಂದ ರೂಢಿಯಾಗಿತ್ತು. ಹಸಿವಿಗೆ ಗಡಿಯಾರ ಬೇಡ ಎಂದುಕೊಂಡು ಮೇಷ್ಟ್ರು ಬಾರಿಸಿದರು.

ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಖುರ್ಷಿದ್ ಪಾಷಾ ಟಿವಿಎಸ್ ನಿಲ್ಲಿಸಿ ಒಳಗೆ ಬಂದ. ಇದೇ ಊರಿನವನು, ಹೆಬ್ಬೂರಿಗೆ ಹೋಗಿ ಹಾಸಿಗೆ, ದಿಂಬು ಹೊಲಿಯುತ್ತಾನೆ. ಮೀಸೆಯ ಮೇಲೆ ಯಾವಾಗಲೂ ಒಂದೆರಡು ಎಳೆ ಹತ್ತಿ ಇರುತ್ತದೆ. ಒಂದನೇ ಕ್ಲಾಸಿನ ಶಾಹೀನ್ ಅವನ ಮಗಳು.

ಪಾಷಾ: ಸಾರ್, ಶಾಹೀನ್‌ದು ಟಿಸಿ ಕೊಡಿ.

ಮೇಷ್ಟ್ರು: ಕೂತ್ಕೊಳಿ ಪಾಷಾ ಸಾಬ್ರೇ.

ಪಾಷಾ: ಕೂತ್ರೆ ಮನಸು ಬದಲಾಗ್ತದೆ ಸಾರ್. ನಿಂತೇ ತಗೋತೀನಿ.

ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು. ಒಂಬತ್ತಾದರೆ ಶಾಲೆಯನ್ನು ಹೆಬ್ಬೂರಿನದಕ್ಕೆ ಸೇರಿಸಿಬಿಡುತ್ತಾರೆ ಎಂಬ ಮಾತು ಆಫೀಸಿನ ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ಸೇರಿಸಿದರೆ ಮೇಷ್ಟ್ರಿಗೆ ಎಲ್ಲೋ ಒಂದು ಕುರ್ಚಿ ಸಿಗುತ್ತದೆ. ಚಿಕ್ಕಮಾರಮ್ಮನಿಗೆ ಒಲೆ ಸಿಗುವುದಿಲ್ಲ. ಉಳಿದ ಒಂಬತ್ತರಲ್ಲಿ ಅರ್ಧ ಮಕ್ಕಳು ಮೂರು ಕಿಲೋಮೀಟರ್ ನಡೆಯುವುದಿಲ್ಲ. ದನದ ಹಿಂದೆ ಹೋಗುತ್ತವೆ. ಮೇಷ್ಟ್ರಿಗೆ ಟಿಸಿ ಪುಸ್ತಕ ಇರುವ ಬೀರುವಿನ ಕೀಲಿ ಎಲ್ಲಿದೆ ಎಂಬುದು ಗೊತ್ತಿತ್ತು. ಆದರೂ ಹುಡುಕತೊಡಗಿದರು.

ಮೇಷ್ಟ್ರು: ಏನ್ ಕಮ್ಮಿಯಾಗಿದೆ ಇಲ್ಲಿ?

ಪಾಷಾ: ಏನೂ ಇಲ್ಲ ಸಾರ್. ಇಂಗ್ಲಿಷ್ ಮೀಡಿಯಂ ಸ್ಕೂಲಿನ ವ್ಯಾನು ಮನೆ ಮುಂದೆನೇ ಬರ್ತದೆ. ನಮ್ಮ ತಮ್ಮನ ಮಗ ಅಫ್ತಾಬ್ ಅದರಲ್ಲೇ ಹೋಗ್ತಾನೆ. ಆರು ವರ್ಷ, ಶಾಹೀನ್ ವಾರಿಗೆನೇ. ಬಾಯಿ ಬಿಟ್ರೆ ಇಂಗ್ಲಿಷು ಬೋರ್‌ವೆಲ್ ಮೋಟ್ರು ಹಾಕ್ದಂಗೆ ಬರ್ತದೆ. ನಿಲ್ಸೋಕೆ ಸ್ವಿಚ್ ಹುಡುಕ್ಬೇಕು.

ಮೇಷ್ಟ್ರು: ಏನು ಹೇಳ್ತಾನೆ?

ಪಾಷಾ: ಯಾರಿಗ್ಗೊತ್ತು.

ಮೇಷ್ಟ್ರು: ಇಲ್ಲೂ ಇಂಗ್ಲಿಷ್ ಹೇಳ್ಕೊಡ್ತಾ ಇದೀನಲ್ಲ. ಜೂನಿಂದ. ಬೇಕಾದ್ರೆ ಈಗಲೇ ನಿಮ್ಮ ಮಗಳನ್ನ ಪರೀಕ್ಷೆ ಮಾಡಿ.

ಪಾಷಾ: ನಂಗೆ ಬಂದ್ರೆ ತಾನೇ ಮಾಡೋದು.

ಮೇಷ್ಟ್ರು: ತಪ್ಪು ಸರಿ ನಾನು ಹೇಳ್ತೀನಿ.

ಪಾಷಾ: ಅದಾಗಲ್ಲ. ದಿಂಬಿಗೆ ಹತ್ತಿ ಗಟ್ಟಿ ತುಂಬಿದೀನಿ ಅಂತ ನಾನೇ ಹೇಳಿದ್ರೆ ಗಿರಾಕಿ ನಂಬ್ತಾನಾ? ಒತ್ತಿ ನೋಡ್ತಾನೆ. ನಾನೂ ಒತ್ತಿ ನೋಡ್ತೀನಿ.

ಮೇಷ್ಟ್ರು: ಇಂಗ್ಲಿಷನ್ನ ಹೆಂಗ್ರೀ ಒತ್ತೋದು?

ಪಾಷಾ: ತಡೀದೆ ಹೇಳಿದ್ರೆ ಇಂಗ್ಲಿಷು. ನಿಂತು ನಿಂತು ಹೇಳಿದ್ರೆ ಅಲ್ಲ. ಹೇಳಿದ್ರೆ ಬಿಟ್ಟು ಹೋಗ್ತೀನಿ, ಇಲ್ಲಾಂದ್ರೆ ಟಿಸಿ.

ಈ ಅಳತೆಯಲ್ಲಿ ಮೊದಲು ಬೀಳುವವರು ತಾವೇ ಎಂದು ಮೇಷ್ಟ್ರಿಗೆ ಹೊಳೆಯಿತು. ಮಕ್ಕಳ ಕಡೆ ತಿರುಗಿದರು. ಶಾಹೀನ್ ಮುಂದಿನ ಸಾಲಿನಲ್ಲಿ ಕೂತು ಅಪ್ಪನ ಮೀಸೆಯ ಹತ್ತಿಯನ್ನು ನೋಡುತ್ತಿದ್ದಳು. ಏನು ಕೇಳುವುದು? ಪುಸ್ತಕದ ಚೆಂಡು, ಬೆಕ್ಕು, ಛತ್ರಿ ಎಲ್ಲವೂ ತಲೆಯಿಂದ ಒಟ್ಟಿಗೇ ಹಾರಿಹೋದವು. ತಡೆಯದೆ ಹೇಳಬಲ್ಲ ವಾಕ್ಯ ಇಡೀ ಇಂಗ್ಲಿಷ್ ಭಾಷೆಯಲ್ಲಿ ಅವರಿಗೆ ಒಂದೇ ಒಂದು ಇತ್ತು. ಅದನ್ನೇ ಹೇಳಿದರು.

ಮೇಷ್ಟ್ರು: ದಿಸ್ ಈಸ್ ಎ ಪ್ಲೇಟ್.

ಹತ್ತು ಮಕ್ಕಳೂ ಎದ್ದವು. ಸ್ಲೇಟುಗಳನ್ನು ಮಗುಚಿಟ್ಟವು, ಬ್ಯಾಗಿನಿಂದ ತಟ್ಟೆ ತೆಗೆದವು, ನಲ್ಲಿಯ ಹತ್ತಿರ ಹೋಗಿ ಕೈ ತೊಳೆದವು, ಪಡಸಾಲೆಯಲ್ಲಿ ಸಾಲಾಗಿ ನಿಂತವು. ಮುಂದೆ ಶಾಹೀನ್.

ಪಾಷಾ: ಏನ್ ಸಾರ್ ಇದು?

ಮೇಷ್ಟ್ರು: ಸಿಟ್ ಡೌನ್. ಸಿಟ್ ಡೌನ್ ಅಂತ ಹೇಳ್ತಾ ಇಲ್ವಾ. ಏಯ್, ಕೂತ್ಕೊಳ್ರೋ.

ಗಲಾಟೆ ಕೇಳಿ ಚಿಕ್ಕಮಾರಮ್ಮ ಹೊರಗೆ ಬಂದಳು.

ಚಿಕ್ಕಮಾರಮ್ಮ: ಏನ್ ಮೇಷ್ಟ್ರೇ, ಹತ್ತೂ ಮುಕ್ಕಾಲಿಗೇ ಬುಟ್ಟಿದೀರಿ? ಬೇಳೆ ಇನ್ನೂ ಕಲ್ಲು ಕಲ್ಲಂಗೈತೆ.

ಮೇಷ್ಟ್ರು: ನಾನೆಲ್ಲಿ ಬಿಟ್ಟೆ? ಅವೇ ಎದ್ದು ಹೋದ್ವು.

ಚಿಕ್ಕಮಾರಮ್ಮ: ತಟ್ಟೆ ಅಂದ್ರಾ?

ಮೇಷ್ಟ್ರು: ಪಾಠಕ್ಕೆ ಅಂದೆ.

ಚಿಕ್ಕಮಾರಮ್ಮ: ಅವುಗಳ ಮುಂದೆ ಯಾಕಂದ್ರಿ? ಐದು ತಿಂಗ್ಳಿಂದ ಗೋಡೆ ಆಚೆಯಿಂದ ಆ ಮಾತು ಕೇಳ್ಸಿದ ಮೇಲೇನೇ ಅವಕ್ಕೆ ಅನ್ನ ಬರ್ತಾ ಇರೋದು. ನಿಮ್ಮ ಗಂಟೆ ಯಾವ ಮಗು ಕೇಳ್ತದೆ? ಅವಕ್ಕೆ ಗಂಟೆನೇ ಅದು.

ಮೇಷ್ಟ್ರ ಕಿವಿ ಕೆಂಪಾಯಿತು. ಐದು ತಿಂಗಳು ಗುಟ್ಟಾಗಿ ಕಲಿತಿದ್ದೆಲ್ಲ ಗೋಡೆಯಾಚೆ ಇಡೀ ಶಾಲೆ ಕೇಳಿಸಿಕೊಂಡಿದೆ. ಅಂದರೆ ಓಬಳಯ್ಯನ ಹೆಸರೂ. ತುಮಕೂರಿಗೆ ಹೋಗದೆ ಹೋದದ್ದೂ. ಪಾಷಾ ಟಿಸಿ ಎಂದು ಬಾಯಿ ತೆರೆಯುವಷ್ಟರಲ್ಲಿ ಶಾಹೀನ್ ತಟ್ಟೆ ಮುಂದಕ್ಕೆ ಚಾಚಿದಳು.

ಶಾಹೀನ್: ಅಜ್ಜಿ, ಗಿವ್ ಮಿ ರೈಸ್.

ಚಿಕ್ಕಮಾರಮ್ಮ: ನೋ. ರೈಸ್ ಈಸ್ ನಾಟ್ ರೆಡಿ.

ಶಾಹೀನ್: ವೆನ್?

ಚಿಕ್ಕಮಾರಮ್ಮ: ಬೆಲ್. ಬೆಲ್ ಕಮ್, ರೈಸ್ ಕಮ್. ಗೋ. ಸಿಟ್.

ಶಾಹೀನ್: ಟುಡೇ ಎಗ್?

ಚಿಕ್ಕಮಾರಮ್ಮ: ಎಗ್ಗೂ ಇಲ್ಲ ಸಿಗ್ಗೂ ಇಲ್ಲ. ಗೋ.

ಸಾಲು ಹಿಂದಕ್ಕೆ ತಿರುಗಿತು. ಮಕ್ಕಳು ತಟ್ಟೆಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಸ್ಲೇಟು ಹಿಡಿದವು. ಮೇಷ್ಟ್ರು ಚಿಕ್ಕಮಾರಮ್ಮನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

ಮೇಷ್ಟ್ರು: ಇದನ್ನೆಲ್ಲ ಯಾವಾಗ ಕಲ್ತೆ ನೀನು?

ಚಿಕ್ಕಮಾರಮ್ಮ: ಕಲಿಯೋಕೆ ಏನೈತೆ. ಇಂಗ್ಲಿಷಲ್ಲಿ ಕೇಳಿದೋರಿಗೆ ಎರಡನೇ ಸೌಟು ಅಂತ ಅವಕ್ಕೆ ಹೇಳಿದೆ. ಒಂದೇ ವಾರ. ಮೋರ್ ಅಂತವೆ, ಸಾಲ್ಟ್ ಅಂತವೆ, ಹಾಟ್ ಅಂತವೆ. ಎನಫ್ ಅಂತ ಒಂದು ಹೇಳ್ಕೊಟ್ಟಿದೀನಿ, ಅದನ್ನ ಮಾತ್ರ ಇದುವರೆಗೆ ಒಂದೂ ಹೇಳಿಲ್ಲ.

ಮೇಷ್ಟ್ರು: ಬೆಲ್ ಕಮ್ ಅನ್ನಬಾರದು. ಪುಸ್ತಕದಲ್ಲಿ ಹಂಗಿಲ್ಲ.

ಚಿಕ್ಕಮಾರಮ್ಮ: ಪುಸ್ತಕದ ಅನ್ನಕ್ಕೆ ಹಂಗನ್ನಬಾರದೇನೋ. ಇದು ನನ್ನ ಅನ್ನ.

ಮೇಷ್ಟ್ರು ಪಾಷಾನ ಕಡೆ ತಿರುಗಿದರು. ಸೋಲೋ ಗೆಲುವೋ ಆಮೇಲೆ ನೋಡಿಕೊಳ್ಳೋಣ, ಪಾಷಾನ ಅಳತೆಯಲ್ಲಿ ಇದು ಗೆಲುವು.

ಮೇಷ್ಟ್ರು: ನೋಡಿದ್ರಾ ಪಾಷಾ ಸಾಬ್ರೇ. ನಿಮ್ಮ ಮಗಳು ಎಲ್ಲಾದ್ರೂ ತಡೆದ್ಳಾ? ಒತ್ತಿ ನೋಡಿದ್ರಲ್ಲ?

ಪಾಷಾ: ತಡೀಲಿಲ್ಲ. ಒಪ್ತೀನಿ. ಆದ್ರೆ ಅದು ಇಂಗ್ಲಿಷಲ್ಲ ಸಾರ್.

ಮೇಷ್ಟ್ರು: ಮತ್ತೇನು?

ಪಾಷಾ: ನಂಗೆ ಅರ್ಥ ಆಗೋಯ್ತು.

ಮೇಷ್ಟ್ರು: ಆದ್ರೇನಾಯ್ತು?

ಪಾಷಾ: ಏನಾಯ್ತು ಅಂದ್ರೆ? ಅನ್ನ ಕೇಳಿದ್ಲು, ಇವರು ಆಗಿಲ್ಲ ಅಂದ್ರು, ಮೊಟ್ಟೆ ಕೇಳಿದ್ಲು, ಇಲ್ಲ ಅಂದ್ರು. ನನ್ನಂಥೋನಿಗೆ ಅರ್ಥ ಆಗೋ ಇಂಗ್ಲಿಷು ಯಾವ ಇಂಗ್ಲಿಷು ಸಾರ್? ಅಫ್ತಾಬ್ ಹೇಳೋದು ಅವನ ಅಪ್ಪನಿಗೂ ಅರ್ಥ ಆಗಲ್ಲ, ಅವನಿಗೂ ಅರ್ಥ ಆಗಲ್ಲ. ಅದು ಒರಿಜಿನಲ್ಲು.

ತರಬೇತಿಯ ಐದು ದಿನ ಮೇಷ್ಟ್ರಿಗೂ ಹೀಗೇ ಅನ್ನಿಸಿತ್ತು.

ಚಿಕ್ಕಮಾರಮ್ಮ: ಅದಿರ್ಲಿ ಸಾಬ್ರೇ, ಆ ಮಗಾ ಸ್ಕೂಲಲ್ಲಿ ಒಂದಕ್ಕೆ ಬಂದ್ರೆ ಏನಂತ ಕೇಳ್ತದೆ?

ಪಾಷಾ: ಅದಕ್ಕೊಂದು ಉದ್ದಕ್ಕೆ ಇಂಗ್ಲಿಷ್ ಇದೆಯಂತೆ. ಅಷ್ಟನ್ನೂ ತಪ್ಪದೆ ಹೇಳಿದ್ರೆ ಬಿಡ್ತಾರೆ. ಕನ್ನಡದಲ್ಲೋ ಉರ್ದುನಲ್ಲೋ ಕೇಳಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಾರೆ.

ಚಿಕ್ಕಮಾರಮ್ಮ: ಹೇಳ್ತದಾ ಉದ್ದಕ್ಕೆ?

ಪಾಷಾ: ಹೇಳ್ತಾನೆ. ಶುರುನೂ ಮಾಡ್ತಾನೆ. ಮುಗಿಸೋದ್ರೊಳಗೆ...

ಚಿಕ್ಕಮಾರಮ್ಮ: ಮುಗಿಸೋದ್ರೊಳಗೆ?

ಪಾಷಾ ಮೀಸೆಯ ಮೇಲಿನ ಹತ್ತಿಯನ್ನು ತೆಗೆದು ಬೆರಳಲ್ಲಿ ಹೊಸೆದ.

ಪಾಷಾ: ಅವರಮ್ಮ ಅರ್ಶಿಯಾ ದಿನಾ ಬ್ಯಾಗಲ್ಲಿ ಇನ್ನೊಂದು ಚಡ್ಡಿ ಇಟ್ಟು ಕಳಿಸ್ತಾಳೆ.

ಗಂಗಹನುಮಯ್ಯನವರಿಗೆ ಪಾಷಾ ಬಂದಾಗಿನಿಂದ ಇದ್ದ ಭಯ ಹೋಗಿ ಆ ಜಾಗಕ್ಕೆ ಸಿಟ್ಟು ಬಂದು ಕೂತಿತು. ಮೂವತ್ತು ವರ್ಷದಲ್ಲಿ ಅವರ ಶಾಲೆಯಲ್ಲಿ ಒಂದು ಕಿರುಬೆರಳು ಎದ್ದರೆ ಸಾಕಿತ್ತು, ವ್ಯಾಕರಣ ಬೇಕಿರಲಿಲ್ಲ.

ಮೇಷ್ಟ್ರು: ಪಾಷಾ ಸಾಬ್ರೇ, ನಿಮ್ಮ ಮಗಳಿಗೆ ಎರಡು ಚಡ್ಡಿ ಇಂಗ್ಲಿಷು ಬೇಕೋ, ಎರಡು ಸೌಟು ಇಂಗ್ಲಿಷು ಬೇಕೋ, ನೀವೇ ಹೇಳಿ. ಚಡ್ಡಿ ಇಂಗ್ಲಿಷೇ ಬೇಕು ಅಂದ್ರೆ ಟಿಸಿ ಬರೀತೀನಿ.

ಪಾಷಾ ಬೆಂಚಿನ ಮೇಲೆ ಕೂತ. ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

ಪಾಷಾ: ನಂಗೊತ್ತಿಲ್ವಾ ಸಾರ್ ಯಾವುದು ಒಳ್ಳೇದು ಅಂತ. ಈ ಭಾನುವಾರ ಕುಣಿಗಲ್ಲಿಂದ ನೆಂಟರು ಬರ್ತಾರೆ.

ಮೇಷ್ಟ್ರು: ಬರ್ಲಿ.

ಪಾಷಾ: ಬರ್ಲಿ ಅಂತೀರಿ. ಬಂದೋರು ಚಪ್ಪಲಿ ಬಿಡೋಕ್ಕೆ ಮುಂಚೆ ಮಕ್ಕಳನ್ನ ಕರೆದು ನಿಲ್ಲಿಸ್ತಾರೆ. ಎಲ್ಲಿ, ಇಂಗ್ಲಿಷ್ ಹೇಳು ನೋಡೋಣ ಅಂತಾರೆ. ಅಫ್ತಾಬ್ ಹೇಳ್ತಾನೆ. ಚಪ್ಪಾಳೆ. ಆಮೇಲೆ ಇವಳನ್ನ ನೋಡಿ, ನೀನು ಯಾವ ಸ್ಕೂಲು ಅಂತಾರೆ. ಗೋರ್ಮೆಂಟು ಅಂತಾಳೆ. ಓ ಅಂತಾರೆ. ಅಷ್ಟೇ ಸಾರ್. ಬೈಯಲ್ಲ, ಏನಿಲ್ಲ. ಓ ಅಂತಾರೆ. ಹೋದ ಸಲ ಇವಳು ಹೋಗಿ ಹತ್ತಿ ಚೀಲದ ಹಿಂದೆ ಕೂತ್ಕೊಂಡ್ಳು. ಬಿರಿಯಾನಿಗೆ ಕರೆದ್ರೂ ಬರ್ಲಿಲ್ಲ.

ಚಿಕ್ಕಮಾರಮ್ಮ: ನಮ್ಮ ಶಾಹೀನು ಊಟಕ್ಕೆ ಬರ್ಲಿಲ್ವಾ?

ಪಾಷಾ: ಬರ್ಲಿಲ್ಲ.

ಮೇಷ್ಟ್ರು: ಆ ನೆಂಟರಿಗೆ ಇಂಗ್ಲಿಷ್ ಬರ್ತದಾ?

ಪಾಷಾ: ಯಾರಿಗೂ ಬರಲ್ಲ ಸಾರ್. ಬರೋರಾಗಿದ್ರೆ ಯಾಕೆ ಕೇಳ್ತಿದ್ರು.

ಮೇಷ್ಟ್ರು ಬೀರು ತೆರೆದರು. ಟಿಸಿ ಪುಸ್ತಕ ತೆಗೆದು, ಹೆಸರು, ತಂದೆಯ ಹೆಸರು, ತರಗತಿ, ನಡತೆ ತೃಪ್ತಿಕರ ಎಂದು ದುಂಡಗೆ ಬರೆದರು. ಕೈ ತಾರೀಕಿನ ಮನೆಗೆ ಬಂದಾಗ ಪಾಷಾ ಅವರ ಪೆನ್ನಿಗೆ ಬೆರಳು ಅಡ್ಡ ಇಟ್ಟ.

ಪಾಷಾ: ತಾರೀಕು ಹಾಕ್ಬೇಡಿ ಸಾರ್. ಸೋಮವಾರ ಬರ್ತೀನಿ. ಭಾನುವಾರ ಅವರು ಓ ಅಂದ್ರೆ ತಾರೀಕು ಹಾಕಿ. ಅನ್ನದೇ ಹೋದ್ರೆ ಹರಿದು ಒಲೆಗೆ ಹಾಕಿ.

ಚಿಕ್ಕಮಾರಮ್ಮ: ಹಂಗಾದ್ರೆ ನನ್ನ ಒಲೆ ಉರಿಯೋದೂ ಆರೋದೂ ಕುಣಿಗಲ್ಲಿನೋರ ಬಾಯಲ್ಲೈತೆ ಅನ್ನಿ.

ಪಾಷಾ ಎದ್ದು ಹೋದ. ಟಿವಿಎಸ್ ಮೂರು ಸಲ ತುಳಿದ ಮೇಲೆ ಹೊತ್ತಿಕೊಂಡಿತು. ಮೇಷ್ಟ್ರು ತಾರೀಕಿಲ್ಲದ ಟಿಸಿಯನ್ನು ಮಡಚಿ ಹಾಜರಿ ಪುಸ್ತಕದೊಳಗೆ, ಹತ್ತನೇ ಹೆಸರಿನ ಪಕ್ಕಕ್ಕೆ ಇಟ್ಟರು.

ಆ ನೆಂಟರು ಯಾರೆಂದು ಹುಡುಕಿಕೊಂಡು ಕುಣಿಗಲ್ಲಿಗೆ ಬಸ್ಸು ಹತ್ತಬೇಕಾಗಿಲ್ಲ. ಅವರು ನೀವೇ. ಕುಣಿಗಲ್ಲಿನವರಲ್ಲದಿದ್ದರೆ ಗುಬ್ಬಿಯವರು, ಗುಬ್ಬಿಯವರಲ್ಲದಿದ್ದರೆ ತುಮಕೂರಿನವರು. ಸಿಹಿ ಪೊಟ್ಟಣ ಹಿಡಿದು ಯಾರದೋ ಮನೆಗೆ ಹೋಗಿ, ಆರು ವರ್ಷದ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, ನಿಮಗೇ ಬಾರದ ಭಾಷೆಯಲ್ಲಿ ಪರೀಕ್ಷೆ ಮಾಡಿ ಬರುವವರು. ಈ ಭಾನುವಾರ ಹೋಗಿ. ಹೋದವರು ಮಗುವಿನ ಹೆಸರು ಕೇಳಿ, ಊಟವಾಯಿತೇ ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ಇಂಗ್ಲಿಷ್ ಹೇಳಿಸಲೇಬೇಕೆಂದು ನಾಲಿಗೆ ತುರಿಸಿದರೆ ಮೊದಲು ನೀವು ಎದ್ದು ನಿಂತು, ಕೈಕಟ್ಟಿ, ಎಲ್ಲರ ಮುಂದೆ ತಡೆಯದೆ ನಾಲ್ಕು ವಾಕ್ಯ ಹೇಳಿ ತೋರಿಸಿ.